ಮಾರ್ಚ್ 8ರ ಆ ಮೂರು ಗಂಟೆ ಯಾರದು? ಕುಲಪತಿಗಳಿಗೆ ಒಂದು ಬಹಿರಂಗ ಪತ್ರ

ರಾಜ್ಯದ ವಿಶ್ವವಿದ್ಯಾಲಯಗಳ ಮಾನ್ಯ ಕುಲಪತಿಗಳಿಗೆ, ಕುಲಸಚಿವರಿಗೆ, ಸಾಂಸ್ಕೃತಿಕ ಸಮಿತಿ ಹಾಗೂ ಮಹಿಳಾ ಅಧ್ಯಯನ ಕೇಂದ್ರಗಳ ಮುಖ್ಯಸ್ಥರಿಗೆ,

ಗೌರವಪೂರ್ವಕ ನಮಸ್ಕಾರಗಳು.

ಅಂತರರಾಷ್ಟ್ರೀಯ ಮಹಿಳಾ ದಿನಾಚರಣೆಯ ಆಹ್ವಾನ ಪತ್ರಿಕೆ ಪ್ರತಿವರ್ಷ ಒಪ್ಪಿಗೆಗಾಗಿ ನಿಮ್ಮ ಮೇಜಿಗೆ ಬರುತ್ತದೆ. ಅದರ ಹಿಂದಿನ ಕೆಲಸ ನಮ್ಮದು. ನಾವು ಸಂಗೀತ ಕಲಿಸುವವರು, ಕನ್ನಡ ಪಾಠ ಹೇಳುವವರು, ಸಭಾಂಗಣದ ಮೈಕು, ಸ್ಪೀಕರು ನೋಡಿಕೊಳ್ಳುವವರು. ಇರುವುದು ಬೇರೆ ಬೇರೆ ಊರಿನಲ್ಲಾದರೂ ಕಾಣುತ್ತಿರುವುದು ಒಂದೇ ದೃಶ್ಯ. ಸಂಗೀತ, ಸಾಹಿತ್ಯ, ಉಪನ್ಯಾಸ ಮೂರೂ ಪತ್ರಿಕೆಯಲ್ಲಿ ಅಚ್ಚಾಗಿರುತ್ತವೆ. ಆದರೆ ಯಾರ ಹೆಸರಿನಲ್ಲಿ ದಿನ ನಡೆಯುತ್ತದೋ ಆ ಹೆಣ್ಣುಮಕ್ಕಳ ಪಾಲಿಗೆ ಸಮಯವೇ ಉಳಿದಿರುವುದಿಲ್ಲ. ನಮ್ಮ ದೂರು ಈ ಸಮಯದ ಬಗ್ಗೆ. ಕೋರಿಕೆಯೂ ಅದರದೇ.

ಮೊದಲು ಲೆಕ್ಕ ಒಪ್ಪಿಸುತ್ತೇವೆ. ಪತ್ರಿಕೆಯಲ್ಲಿ ಬೆಳಗ್ಗೆ 10.30 ಎಂದಿರುತ್ತದೆ. ಮುಖ್ಯ ಅತಿಥಿಗಳ ಕಾರು ಬಂದು, ಕುಲಪತಿಗಳ ಕೊಠಡಿಯಲ್ಲಿ ಕಾಫಿ ಮುಗಿದು, ಎಲ್ಲರೂ ವೇದಿಕೆ ಹತ್ತುವಾಗ 11.25. ಪ್ರಾರ್ಥನೆ 4 ನಿಮಿಷ, ನಾಡಗೀತೆ 2 ನಿಮಿಷ 30 ಸೆಕೆಂಡು, ಸ್ವಾಗತ 15 ನಿಮಿಷ, ಪ್ರಾಸ್ತಾವಿಕ ನುಡಿ 15. ಆರು ಜನ ಗಣ್ಯರ ಪರಿಚಯಕ್ಕೆ ತಲಾ 3 ನಿಮಿಷದಂತೆ 18. ದೀಪ ಬೆಳಗಲು 6. ಒಂಬತ್ತು ಜನರಿಗೆ ಶಾಲು, ಹಾರ, ನೆನಪಿನ ಕಾಣಿಕೆ, ಫೋಟೊ ಎಂದು ಇನ್ನೊಂದು 18. ಉದ್ಘಾಟನಾ ಭಾಷಣ 25, ಅತಿಥಿಗಳ ಮೂರು ಭಾಷಣ ಸೇರಿ 30, ಅಧ್ಯಕ್ಷೀಯ ಭಾಷಣ 20, ವಂದನಾರ್ಪಣೆ 8. ಕೂಡಿದರೆ ಎರಡು ಗಂಟೆ 40 ನಿಮಿಷ ದಾಟುತ್ತದೆ. ಇದು ಯಾವುದೋ ಒಂದು ಕೆಟ್ಟ ದಿನದ ಲೆಕ್ಕವಲ್ಲ, ಎಲ್ಲವೂ ಅಂದುಕೊಂಡಂತೆ ನಡೆದ ದಿನದ್ದು. "ಈಗ ವಿದ್ಯಾರ್ಥಿನಿಯರಿಂದ ಸಾಂಸ್ಕೃತಿಕ ಕಾರ್ಯಕ್ರಮ" ಎಂದು ನಿರೂಪಕಿ ಹೇಳುವಾಗ ಮಧ್ಯಾಹ್ನ ಎರಡು ಗಂಟೆ ಮೀರಿರುತ್ತದೆ. ಮುಂದಿನ ಸಾಲಿನ ಗಣ್ಯರು ಊಟಕ್ಕೆ ಎದ್ದಿರುತ್ತಾರೆ, ಅವರ ಹಿಂದೆ ಅರ್ಧ ಸಭೆಯೂ ಎದ್ದಿರುತ್ತದೆ. ಮೂರು ವಾರ ತಾಲೀಮು ಮಾಡಿದ ಹುಡುಗಿಯರ ಹತ್ತಿರ ಸಂಘಟಕರೊಬ್ಬರು ಹೋಗಿ ಕಿವಿಯಲ್ಲಿ ಹೇಳುತ್ತಾರೆ: "ಒಂದೇ ಚರಣ ಹಾಡಿ ಮುಗಿಸಿಬಿಡಮ್ಮ."

ನಾಡಗೀತೆಗೆ ಎಷ್ಟು ಹೊತ್ತು ಎಂಬುದನ್ನು ಸರ್ಕಾರವೇ 2022ರಲ್ಲಿ ನಿಗದಿ ಮಾಡಿತು. ಆ ಅಳತೆಯನ್ನು ಎಲ್ಲ ಕಡೆ ಪಾಲಿಸಲು ಸಾಧ್ಯವಾಗಿದೆ. ಭಾಷಣಕ್ಕೂ ಅಳತೆ ಹಾಕಲು ಬರುತ್ತದೆ ಎಂದು ನಾವು ನಂಬಿದ್ದೇವೆ. ಸ್ವಾಗತ 3 ನಿಮಿಷ ಸಾಕು. ಗಣ್ಯರ ಪರಿಚಯವನ್ನು ಮುದ್ರಿಸಿ ಕುರ್ಚಿಯ ಮೇಲೆ ಇಟ್ಟರೆ 18 ನಿಮಿಷ ಉಳಿಯುತ್ತದೆ. ಶಾಲು, ಹಾರಗಳನ್ನು ಸಭೆಗೆ ಮೊದಲೇ ಕೊಠಡಿಯಲ್ಲಿ ಅರ್ಪಿಸಿದರೆ ಇನ್ನೂ 18. ವೇದಿಕೆಯ ಮೇಲೆ ನಾಲ್ಕಕ್ಕಿಂತ ಹೆಚ್ಚು ಕುರ್ಚಿ ಬೇಡ. ಮೂರು ಭಾಷಣಗಳ ಬದಲು ಒಂದೇ ಒಂದು ಒಳ್ಳೆಯ ಉಪನ್ಯಾಸ ಇರಲಿ. ಸಭಾ ಕಾರ್ಯಕ್ರಮ 35 ನಿಮಿಷದೊಳಗೆ ಮುಗಿದು, ಉಳಿದ ಎರಡು ಗಂಟೆ ಹಾಡು, ಓದು, ಮಾತುಕತೆಗೆ ಸಿಗುತ್ತದೆ. ಇದಕ್ಕೆ ಹಣ ಬೇಕಿಲ್ಲ, ನಿಮ್ಮ ಒಂದು ಸಹಿ ಸಾಕು.

ಸಮಯದ ಮಾತನ್ನೇ ಹಿಡಿದು ಕೂತಿರುವುದಕ್ಕೆ ಕಾರಣವಿದೆ. ಈ ದಿನ ಹುಟ್ಟಿದ್ದೇ ದುಡಿಯುವ ಹೆಂಗಸರು ತಮ್ಮ ದುಡಿಮೆಯ ಗಂಟೆಗಳ ಬಗ್ಗೆ ಎತ್ತಿದ ದನಿಯಿಂದ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ನ್ಯೂಯಾರ್ಕಿನ ಬಟ್ಟೆ ಕಾರ್ಖಾನೆಗಳ ಹೆಣ್ಣುಮಕ್ಕಳು ದುಡಿಮೆಯ ಹೊತ್ತು ಕಡಿಮೆಯಾಗಬೇಕು, ಕೂಲಿ ಹೆಚ್ಚಬೇಕು ಎಂದು ಬೀದಿಗಿಳಿದರು. 1910ರಲ್ಲಿ ಕೋಪನ್‌ಹೇಗನ್ನಿನಲ್ಲಿ ಸೇರಿದ ಸಮಾಜವಾದಿ ಮಹಿಳೆಯರ ಸಮ್ಮೇಳನದಲ್ಲಿ ಕ್ಲಾರಾ ಜೆಟ್‌ಕಿನ್ ಮಹಿಳೆಯರಿಗೊಂದು ಅಂತರರಾಷ್ಟ್ರೀಯ ದಿನ ಬೇಕೆಂಬ ಸಲಹೆ ಮುಂದಿಟ್ಟರು. 1911ರ ಮಾರ್ಚ್ 19ರಂದು ಆಸ್ಟ್ರಿಯಾ, ಡೆನ್ಮಾರ್ಕ್, ಜರ್ಮನಿ, ಸ್ವಿಟ್ಜರ್ಲೆಂಡ್‌ಗಳಲ್ಲಿ ಮೊದಲ ಆಚರಣೆ ನಡೆಯಿತು. ಅದಾಗಿ ಆರೇ ದಿನಕ್ಕೆ ನ್ಯೂಯಾರ್ಕಿನ ಟ್ರಯಾಂಗಲ್ ಉಡುಪು ಕಾರ್ಖಾನೆಗೆ ಬೆಂಕಿ ಬಿದ್ದು 146 ಜನ ಸತ್ತರು, ಅವರಲ್ಲಿ ಹೆಚ್ಚಿನವರು ಎಳೆಯ ವಯಸ್ಸಿನ ಹೆಣ್ಣುಮಕ್ಕಳು. 1917ರಲ್ಲಿ ಪೆಟ್ರೊಗ್ರಾಡ್‌ನ ನೇಯ್ಗೆ ಗಿರಣಿಗಳ ಹೆಂಗಸರು ರೊಟ್ಟಿ ಬೇಕೆಂದು ಮುಷ್ಕರ ಹೂಡಿದ ದಿನವೇ ಇಂದಿನ ಮಾರ್ಚ್ 8. ವಿಶ್ವಸಂಸ್ಥೆ ಈ ದಿನವನ್ನು ಕೈಗೆತ್ತಿಕೊಂಡದ್ದು 1975ರಲ್ಲಿ, ಅದೆಲ್ಲ ಆದ ಮೇಲೆ.

ನಮ್ಮ ಆವರಣಗಳಲ್ಲಿ ಆ ದಿನ ಯಾರ ದುಡಿಮೆಯ ಹೊತ್ತು ಹೆಚ್ಚುತ್ತದೆ ಎಂಬುದನ್ನು ದಯವಿಟ್ಟು ಗಮನಿಸಿ. ಸಭಾಂಗಣ ಗುಡಿಸಿ ಒರೆಸುವ ಹೆಂಗಸರು ದಿನಕ್ಕಿಂತ ಎರಡು ಗಂಟೆ ಮೊದಲು ಬರಬೇಕಾಗುತ್ತದೆ. ಅವರು ಹೊರಗುತ್ತಿಗೆಯವರು, ಆ ಎರಡು ಗಂಟೆಗೆ ಕೂಲಿ ಸೇರುವುದಿಲ್ಲ. ಕಾರ್ಯಕ್ರಮ ನಡೆಯುವಾಗ ಅವರು ಹಿಂದಿನ ಬಾಗಿಲ ಬಳಿ ಪೊರಕೆ ಹಿಡಿದು ನಿಂತಿರುತ್ತಾರೆ, ಊಟದ ಎಲೆ ಎತ್ತುವುದು ಇನ್ನೂ ಬಾಕಿ ಇರುತ್ತದೆ. ಕಚೇರಿಯ ಮಹಿಳಾ ಸಿಬ್ಬಂದಿಗೆ ಒಂದೇ ಬಣ್ಣದ ಸೀರೆ ಉಟ್ಟು ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಲ್ಲುವ ಕೆಲಸ. ಆ ಒಂದು ದಿನ ಸಭಾಂಗಣದ ಸ್ವಚ್ಛತೆ, ಕುರ್ಚಿ ಜೋಡಣೆ, ಊಟ ಬಡಿಸುವುದು, ಎಲೆ ಎತ್ತುವುದು ಎಲ್ಲವನ್ನೂ ಗಂಡಸು ಸಿಬ್ಬಂದಿ ಮತ್ತು ಹುಡುಗರು ವಹಿಸಿಕೊಳ್ಳಲಿ ಎಂದು ಲಿಖಿತ ಆದೇಶ ಹೊರಡಿಸಿ. ಸ್ವಚ್ಛತೆಯ ಹೆಂಗಸರಿಗೆ ಪೂರ್ತಿ ಕೂಲಿಯೊಂದಿಗೆ ಮೂರನೆಯ ಸಾಲಿನೊಳಗೆ ಕುರ್ಚಿ ಮೀಸಲಿಡಿ. ಗುತ್ತಿಗೆದಾರರಿಗೆ ಇದನ್ನು ಬರವಣಿಗೆಯಲ್ಲೇ ತಿಳಿಸಿರಬೇಕು. ಬಾಯಿಮಾತಿನಲ್ಲಿ ಹೇಳಿದರೆ ತಿಂಗಳ ಕೊನೆಗೆ ಒಂದು ಹಾಜರಿ ಕಡಿತವಾಗಿರುತ್ತದೆ.

ಇನ್ನು ಸಂಗೀತ. ಇಲ್ಲಿ ಆಗುವ ತಪ್ಪುಗಳು ಹೆಚ್ಚಿನವು ತಿಳಿಯದೆ ಆಗುವಂಥವು. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇವೆ.

ಮೊದಲನೆಯದು ಶ್ರುತಿ, ಎಂದರೆ ಹಾಡುವವರು ಆಧಾರವಾಗಿ ಹಿಡಿಯುವ ಸ್ವರ. ಹಾರ್ಮೋನಿಯಂನ ಕರಿ, ಬಿಳಿ ಮನೆಗಳ ಎಣಿಕೆಯಲ್ಲಿ ಅದನ್ನು ಹೇಳುತ್ತಾರೆ. ಗಂಡು ದನಿಗೆ ಸಾಮಾನ್ಯವಾಗಿ ಕರಿ ಒಂದು, ಕರಿ ಎರಡರ ಆಸುಪಾಸು ಒಗ್ಗುತ್ತದೆ. ಹೆಣ್ಣು ದನಿಗೆ ಬಿಳಿ ಐದು, ಕರಿ ನಾಲ್ಕು, ಅದಕ್ಕೂ ಮೇಲೆ. ಹುಡುಗಿಯರ ಕೈಗೆ ಕೊಡುವ ಕರೋಕೆ ಟ್ರ್ಯಾಕುಗಳಲ್ಲಿ ಬಹಳಷ್ಟು ಗಂಡು ದನಿಗೆ ಮಾಡಿದವು. ಅದರ ಜೊತೆ ಹಾಡುವಾಗ ಮಂದ್ರದ ಸ್ವರಗಳು ಗಂಟಲೊಳಗೇ ಉಳಿಯುತ್ತವೆ, ಮೇಲಿನ ಸಾಲು ಬಂದಾಗ ಕಿರುಚಬೇಕಾಗುತ್ತದೆ. ಮೊಬೈಲಿನಲ್ಲಿ ಶ್ರುತಿ ಏರಿಸಿದರೆ ಒಂದೆರಡು ಸ್ವರದ ಮಟ್ಟಿಗೆ ನಡೆಯುತ್ತದೆ, ಅದಕ್ಕಿಂತ ಹೆಚ್ಚಾದರೆ ವಾದ್ಯಗಳ ನಾದ ಕೆಡುತ್ತದೆ. ಕೇಳುಗರು "ಹುಡುಗಿಗೆ ದನಿ ಇಲ್ಲ" ಎಂದುಕೊಂಡು ಹೋಗುತ್ತಾರೆ. ದನಿ ಇತ್ತು, ಶ್ರುತಿ ಅವಳದಾಗಿರಲಿಲ್ಲ. ಆದ್ದರಿಂದ ಟ್ರ್ಯಾಕ್ ಬೇಡ. ಒಂದು ಹಾರ್ಮೋನಿಯಂ, ಒಂದು ತಬಲಾ, ಒಂದು ತಂಬೂರಿ ಸಾಕು, ತಂಬೂರಿ ನುಡಿಸುವವರಿಲ್ಲದಿದ್ದರೆ ಎಲೆಕ್ಟ್ರಾನಿಕ್ ತಂಬೂರಿಯಾದರೂ ಆದೀತು. ತಬಲಾದವರಿಗೆ ಗಾಯಕಿಯ ಶ್ರುತಿ ಒಂದು ವಾರ ಮೊದಲೇ ತಿಳಿಸಿರಬೇಕು. ಕರಿ ಒಂದಕ್ಕೆ ಕಟ್ಟಿದ ತಬಲಾ ಕರಿ ನಾಲ್ಕಕ್ಕೆ ಏರುವುದಿಲ್ಲ, ಸುತ್ತಿಗೆಯಿಂದ ಎಷ್ಟು ಹೊಡೆದರೂ ಅಷ್ಟೆ. ಬೇರೆ ತಬಲಾ ತರಬೇಕು.

ದನಿಯ ಬಗ್ಗೆ ಇನ್ನೊಂದು ಮಾತು. ಭಾವಗೀತೆ, ವಚನ ಗಾಯನ ಸ್ಪರ್ಧೆಗಳಲ್ಲಿ ಸಣ್ಣ, ಎತ್ತರದ ದನಿಯನ್ನೇ ಹೆಣ್ಣಿನ ದನಿ ಎಂದು ಆರಿಸುವ ರೂಢಿ ನಮ್ಮ ತೀರ್ಪುಗಾರರಲ್ಲಿ ಬಲವಾಗಿದೆ. ಗಂಗೂಬಾಯಿ ಹಾನಗಲ್ಲರ ನಾಡಿನಲ್ಲಿ ಹೀಗಾಗಬಾರದು. ಗಂಟಲಿನ ಚಿಕಿತ್ಸೆಯ ನಂತರ ಅವರ ದನಿ ದಪ್ಪವಾಯಿತು. ಅದೇ ದನಿಯಲ್ಲಿ ಅವರು ಹಿಂದೂಸ್ತಾನಿ ಸಂಗೀತದ ಕಿರಾನಾ ಘರಾಣೆಯ ಗಾಯಕಿಯಾಗಿ ದಶಕಗಳ ಕಾಲ ಹಾಡಿದರು. ಮೈಸೂರಿನ ಸಂಗೀತ ವಿಶ್ವವಿದ್ಯಾಲಯಕ್ಕೆ ಅವರ ಹೆಸರಿದೆ. ತೀರ್ಪುಗಾರರಿಗೆ ಕೊಡುವ ಅಂಕಪಟ್ಟಿಯಲ್ಲಿ "ಕಂಠಮಾಧುರ್ಯ" ಎಂಬ ಕಲಮನ್ನು ತೆಗೆದು ಶ್ರುತಿಶುದ್ಧಿ, ಲಯ, ಸಾಹಿತ್ಯದ ಉಚ್ಚಾರ ಎಂದು ಮೂರನ್ನು ಬರೆಯಿರಿ. ದಪ್ಪ ದನಿಯ ಹುಡುಗಿಯರು ಅದೇ ವರ್ಷ ವೇದಿಕೆಗೆ ಬರುತ್ತಾರೆ.

ಧ್ವನಿವರ್ಧಕದ್ದು ಸಣ್ಣ ವಿಷಯ ಎನಿಸಬಹುದು. ಎಂಟು ಹುಡುಗಿಯರ ಗುಂಪಿಗೆ ಎರಡು ಕೈಮೈಕು ಕೊಟ್ಟರೆ ಮೈಕು ಹಿಡಿದ ಇಬ್ಬರು ಮಾತ್ರ ಕೇಳಿಸುತ್ತಾರೆ, ಉಳಿದ ಆರು ಜನ ಬಾಯಿ ಆಡಿಸಿದಂತೆ ಕಾಣುತ್ತಾರೆ. ಇಬ್ಬರಿಗೊಂದರಂತೆ ನಾಲ್ಕು ಮೈಕು ಸ್ಟ್ಯಾಂಡಿನ ಮೇಲಿರಬೇಕು, ಬಾಯಿಯಿಂದ ಐದಾರು ಬೆರಳು ದೂರ. ಭಾಷಣಕಾರರ ಎತ್ತರಕ್ಕೆ ನಿಲ್ಲಿಸಿದ ಸ್ಟ್ಯಾಂಡನ್ನು ಇಳಿಸಲು ಒಬ್ಬರು ವೇದಿಕೆಯ ಬದಿಯಲ್ಲೇ ಇರಬೇಕು. ಹಾಡುವವರ ಎದುರು, ಅವರ ಕಡೆ ಮುಖ ಮಾಡಿದ ಒಂದು ಸಣ್ಣ ಸ್ಪೀಕರು ಬೇಕು. ಅದಿಲ್ಲದಿದ್ದರೆ ಹಾರ್ಮೋನಿಯಂ ಅವರಿಗೇ ಕೇಳುವುದಿಲ್ಲ, ಎರಡನೆಯ ಚರಣಕ್ಕೆ ಶ್ರುತಿ ಜಾರುತ್ತದೆ. ದೊಡ್ಡ ಸ್ಪೀಕರುಗಳು ಮೈಕುಗಳಿಗಿಂತ ಮುಂದೆ, ಸಭಿಕರ ಕಡೆಗಿರಲಿ. ಹಿಂದಿಟ್ಟರೆ ಕುಯ್ಯೆಂದು ಕೂಗುವುದು ಖಂಡಿತ. ಪರೀಕ್ಷೆ ಮಾಡಲು ಸಭೆ ಸೇರುವ ಮೊದಲು 40 ನಿಮಿಷ ಕೊಡಿ. ಈಗ ನಮಗೆ ಸಿಗುತ್ತಿರುವುದು "ಹಲೋ ಹಲೋ, ಮೈಕ್ ಟೆಸ್ಟಿಂಗ್" ಎನ್ನುವಷ್ಟು ಹೊತ್ತು ಮಾತ್ರ.

ಏನು ಹಾಡಬೇಕು ಎಂಬುದಕ್ಕೆ ಬರೋಣ. ವಚನ ಎಂದರೆ ಅಕ್ಕಮಹಾದೇವಿಯ ಒಂದೆರಡು ಜನಪ್ರಿಯ ವಚನ ಎಂದಾಗಿಬಿಟ್ಟಿದೆ. ಹನ್ನೆರಡನೆಯ ಶತಮಾನದ ಆ ಸುತ್ತಿನಲ್ಲಿ ವಚನ ಬರೆದ ಹೆಂಗಸರು ಮೂವತ್ತಕ್ಕೂ ಹೆಚ್ಚು. ಅವರ ಹೆಸರಿನಲ್ಲೇ ಅವರ ದುಡಿಮೆ ಇದೆ. ಆಯ್ದಕ್ಕಿ ಲಕ್ಕಮ್ಮನದು ಚೆಲ್ಲಿದ ಅಕ್ಕಿ ಆಯುವ ಕಾಯಕ, ಕದಿರೆ ರೆಮ್ಮವ್ವೆಯದು ನೂಲು ತೆಗೆಯುವುದು, ಕೊಟ್ಟಣದ ಸೋಮವ್ವೆಯದು ಭತ್ತ ಕುಟ್ಟುವುದು. ಗಂಡ ಮಾರಯ್ಯ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಅದನ್ನು ಅಲ್ಲೇ ಸುರಿದು ಬಾ ಎಂದು ತಿದ್ದಿದವಳು ಲಕ್ಕಮ್ಮ. ಸೂಳೆ ಸಂಕವ್ವೆಯ ಒಂದೇ ಒಂದು ವಚನ ನಮ್ಮವರೆಗೆ ಉಳಿದು ಬಂದಿದೆ, ಅಂಕಿತ ನಿರ್ಲಜ್ಜೇಶ್ವರ. ಆ ಹೆಸರನ್ನು ವಿಶ್ವವಿದ್ಯಾಲಯದ ವೇದಿಕೆಯಲ್ಲಿ ಹೇಳಲು ಹಿಂಜರಿಯುವವರಿದ್ದಾರೆ. ಅವಳೇ ಹಿಂಜರಿಯದೆ ಇಟ್ಟುಕೊಂಡ ಅಂಕಿತ ಅದು.

ವಚನ ಹಾಡುವುದರಲ್ಲೂ ಒಂದು ದೋಷ ಬೇರೂರಿದೆ. ವಚನಕ್ಕೆ ಪಲ್ಲವಿ ಇಲ್ಲ. ಅದೊಂದು ವಾದ, ಮೊದಲ ಸಾಲಿನಿಂದ ಅಂಕಿತದವರೆಗೆ ಏರುತ್ತಾ ಹೋಗುತ್ತದೆ. ಮೊದಲ ಸಾಲನ್ನು ಪಲ್ಲವಿ ಮಾಡಿಕೊಂಡು ಮತ್ತೆ ಮತ್ತೆ ಅದಕ್ಕೇ ಮರಳಿದರೆ ಪ್ರಶ್ನೆ ಅಷ್ಟೇ ಕಿವಿಯಲ್ಲಿ ಉಳಿದು ಉತ್ತರ ಬಿದ್ದುಹೋಗುತ್ತದೆ. ಹೊತ್ತಿಲ್ಲವೆಂದು ಕೊನೆಯ ಸಾಲು ಬಿಟ್ಟರೆ ಅಂಕಿತವೇ ಹೋಗುತ್ತದೆ, ಎಂದರೆ ಬರೆದವಳ ಗುರುತೇ ಹೋಗುತ್ತದೆ. ಮೊದಲು ವಚನವನ್ನು ಗದ್ಯವಾಗಿ ಒಮ್ಮೆ ನಿಧಾನವಾಗಿ ಓದಿಸಿ, ಆಮೇಲೆ ಇಡಿಯಾಗಿ ಹಾಡಿಸಿ. ಒಂದಕ್ಕೆ ಆರು ನಿಮಿಷ ಹಿಡಿಯುತ್ತದೆ. ಐದು ವಚನಕಾರ್ತಿಯರ ಐದು ವಚನಗಳಿಗೆ ಅರ್ಧ ಗಂಟೆ. ಸನ್ಮಾನದಿಂದ, ಪರಿಚಯದಿಂದ ಉಳಿಸಿದ 36 ನಿಮಿಷದಲ್ಲಿ ಅದು ಕೂತು ಇನ್ನೂ ಮಿಗುತ್ತದೆ.

ಹಳ್ಳಿಯ ಹಾಡುಗಾರ್ತಿಯರನ್ನು ಕರೆಸುವಾಗ ಇನ್ನೂ ಜಾಗ್ರತೆ ಬೇಕು. ಬೀಸುವ ಪದ, ಕುಟ್ಟುವ ಪದ, ನಾಟಿಯ ಹಾಡು ಇವೆಲ್ಲ ಕೆಲಸದ ಲಯಕ್ಕೆ ಹುಟ್ಟಿದವು. ನಿಂತು ಮೈಕು ಹಿಡಿದು ಎರಡು ನಿಮಿಷದಲ್ಲಿ ಹಾಡಿ ಎಂದರೆ ಪದವೇ ಮರೆತುಹೋಗುತ್ತದೆ, ಅವರ ನೆನಪು ಇರುವುದು ಕೈಯ ಚಲನೆಯಲ್ಲಿ. ಬೀಸುಕಲ್ಲನ್ನೇ ವೇದಿಕೆಗೆ ತನ್ನಿ. ಹಲಗೆಯ ವೇದಿಕೆಯಾದರೆ ಕಲ್ಲಿನ ಸದ್ದು ಕೆಳಗಿನಿಂದ ಗುಡುಗಿದಂತೆ ಏಳುತ್ತದೆ. ಅದಕ್ಕೆ ಎರಡು ಪದರ ಗೋಣಿಚೀಲ ಹಾಸಿ ಮೇಲೆ ಕಲ್ಲು ಇಡಬೇಕು. ಬರಿಗಲ್ಲು ತಿರುಗಿಸಿದರೆ ಕರಕರ ಎನ್ನುತ್ತದೆ, ಒಂದೆರಡು ಸೇರು ಜೋಳ ಹಾಕಿ ಬೀಸಿದರೆ ಸದ್ದು ಇಳಿದು ಲಯವೂ ಕೂಡಿ ಬರುತ್ತದೆ. ಎದುರುಬದುರು ಕೂತ ಇಬ್ಬರಿಗೂ ಒಂದೊಂದು ಗಿಡ್ಡ ಸ್ಟ್ಯಾಂಡು ಬೇಕು. ಮೈಕಿನ ಬಾಯಿ ಹಾಡುವವರ ಗಲ್ಲದ ಕಡೆ, ಬೆನ್ನು ಕಲ್ಲಿನ ಕಡೆ ಇರಲಿ. ಮುಖ್ಯವಾದದ್ದು, ಅವರ ಸರದಿಯನ್ನು ಕಾರ್ಯಕ್ರಮದ ಮೊದಲಿಗೇ ಇಡಿ. ಊಟವಾದ ಮೇಲೆ, ಖಾಲಿ ಕುರ್ಚಿಗಳ ಮುಂದೆ ಅವರನ್ನು ಕೂರಿಸಬೇಡಿ.

ಈ ಹಾಡುಗಳಿಗೆ ನಾವು ಇನ್ನೊಂದು ಋಣ ಬಾಕಿ ಉಳಿಸಿಕೊಂಡಿದ್ದೇವೆ. 1931ರಲ್ಲಿ ಹಲಸಂಗಿಯ ಗೆಳೆಯರು ಎಂಬ ಬರಹಗಾರರ ಬಳಗ ಹೆಂಗಸರ ತ್ರಿಪದಿಗಳನ್ನು ಸಂಗ್ರಹಿಸಿ ಅಚ್ಚುಹಾಕಿಸಿದ್ದು ಕನ್ನಡಕ್ಕೆ ದೊಡ್ಡ ಉಪಕಾರ. ಆದರೆ ಆ ಕಾಲದಿಂದ ಇಲ್ಲಿಯವರೆಗೆ ಜನಪದ ಸಂಗ್ರಹಗಳಲ್ಲಿ ಸಂಗ್ರಹಿಸಿದವರ ಹೆಸರು ಮುಖಪುಟದಲ್ಲಿ ಇರುವುದೂ ಹಾಡಿದವರು "ಗರತಿಯರು", "ಜನಪದರು" ಎಂಬ ಒಂದೇ ಪದದಲ್ಲಿ ಕರಗಿ ಹೋಗುವುದೂ ಮಾಮೂಲಾಗಿದೆ. ಅಂಕೋಲೆಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ, ಜೋಗತಿ ಮಂಜಮ್ಮನವರು ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ 2021ರಲ್ಲಿ ಪದ್ಮಶ್ರೀ ಪಡೆದಾಗ ಹಾಡುವವಳಿಗೂ ಹೆಸರಿದೆ ಎಂಬುದು ಎಲ್ಲರಿಗೂ ಕಂಡಿತು. ನಿಮ್ಮ ಆಹ್ವಾನ ಪತ್ರಿಕೆಯಲ್ಲಿ "ಜಾನಪದ ಕಲಾವಿದರಿಂದ" ಎಂದು ಬರೆಯುವ ಬದಲು ಪ್ರತಿಯೊಬ್ಬರ ಹೆಸರು, ಊರು ಅಚ್ಚಾಗಲಿ. ಧ್ವನಿಮುದ್ರಣ ಮಾಡಿದರೆ ಅದರ ಒಂದು ಪ್ರತಿ ಅವರಿಗೂ ತಲುಪಲಿ.

ಸಂಭಾವನೆಯ ವಿಷಯ ಹೇಳದೆ ಬಿಡಲಾರೆವು. ಪ್ರಾಧ್ಯಾಪಕರಿಗೆ ಪ್ರಯಾಣಭತ್ಯೆ ನಿಯಮದಂತೆ ಬರುತ್ತದೆ. ಹಾಡುಗಾರ್ತಿಗೆ ಬ್ಯಾಂಕ್ ಪಾಸ್‌ಪುಸ್ತಕದ ನಕಲು, ಪ್ಯಾನ್ ಕಾರ್ಡ್, ರಸೀದಿ ಎಂದು ಕೇಳಿ, ಕಡತ ಹಣಕಾಸು ವಿಭಾಗದಲ್ಲಿ ತಿಂಗಳುಗಟ್ಟಲೆ ಕೂರುತ್ತದೆ. ದಿನಗೂಲಿ ಬಿಟ್ಟು ಬಂದವರು ಅವರು. ಜೊತೆಗೆ ಮಗಳನ್ನೋ ಸೊಸೆಯನ್ನೋ ಕರೆದುಕೊಂಡು ಬರುತ್ತಾರೆ, ಅವರ ಬಸ್ ಚಾರ್ಜು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಸಂಚಾಲಕರ ಹೆಸರಿನಲ್ಲಿ ಹದಿನೈದು ದಿನ ಮೊದಲೇ ಮುಂಗಡ ಮಂಜೂರು ಮಾಡಿ. ಜೊತೆಗೆ ಬರುವ ಒಬ್ಬರ ಪ್ರಯಾಣ, ಊಟ, ವಸತಿ ಸೇರಿಸಿ ಟಿಪ್ಪಣಿ ಹಾಕಿಸಿ. ಹಣ ಅಂದೇ ಅವರ ಕೈ ಸೇರಲಿ, ವೋಚರು ಆಮೇಲೆ ಹೊಂದಿಸಿಕೊಳ್ಳೋಣ.

ಸಾಹಿತ್ಯದ ಗೋಷ್ಠಿಗಳಿಗೆ ಅಷ್ಟೊಂದು ಸಲಕರಣೆ ಬೇಡ. ಬೇಕಾಗಿರುವುದು ಮಿತಿ. ಕವಿಗೋಷ್ಠಿಗೆ ಹದಿನೆಂಟು ಕವಯಿತ್ರಿಯರನ್ನು ಕರೆದು ತಲಾ 3 ನಿಮಿಷ ಕೊಟ್ಟರೆ ಓದಿಗೆ 54 ನಿಮಿಷ, ನಿರೂಪಣೆ ಸೇರಿ ಒಂದೂಕಾಲು ಗಂಟೆ. ಯಾರ ಕವಿತೆಯೂ ಯಾರಿಗೂ ನೆನಪಿರುವುದಿಲ್ಲ. ಆರು ಜನ ಸಾಕು, ತಲಾ ಎರಡು ಕವಿತೆ. ಅವುಗಳಲ್ಲಿ ಒಂದನ್ನು ಎರಡು ಸಲ ಓದಲಿ, ಕವಿತೆ ಎರಡನೆಯ ಸಲಕ್ಕೇ ಕಿವಿಗೆ ಹತ್ತುವುದು. ಆರರಲ್ಲಿ ಮೂವರು ವಿದ್ಯಾರ್ಥಿನಿಯರಾಗಿರಲಿ.

ನಿರೂಪಕಿಯರ ಬಾಯಲ್ಲಿ ಪ್ರತಿವರ್ಷ ಬರುವ ಸಾಲುಗಳಿವೆ, "ಪೆಣ್ಣಲ್ಲವೆ ತಮ್ಮನೆಲ್ಲ ಪಡೆದ ತಾಯಿ" ಎಂದು. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ ಹದಿನೇಳನೆಯ ಶತಮಾನದಲ್ಲಿ ಬರೆದದ್ದು. ಆದರೆ ಆ ಸಾಲುಗಳಿರುವ ಕಾವ್ಯ ಹೆಂಡತಿಯಾದವಳು ಗಂಡ, ಅತ್ತೆ, ಮಾವಂದಿರೊಡನೆ ಹೇಗೆ ನಡೆದುಕೊಳ್ಳಬೇಕು ಎಂದು ಬೋಧಿಸಲು ಹೊರಟದ್ದು. ಅದರ ನಡುವೆ ನಿಂತು ಅವಳು "ಪೆಣ್ಣು ಪೆಣ್ಣೆಂದೇತಕೆ ಬೀಳುಗಳೆವರು", ಹೆಣ್ಣೆಂದು ಏಕೆ ಕೀಳಾಗಿ ಕಾಣುತ್ತಾರೆ, ಎಂದು ಕೇಳಿದಳು. ಒಂದೇ ಕಾವ್ಯದಲ್ಲಿ ಈ ಎರಡೂ ಹೇಗೆ ಕೂಡಿಕೊಂಡವು? ಎಂ.ಎ. ತರಗತಿಯ ಹುಡುಗಿಯರಿಗೆ ಆ ಪದ್ಯದ ಹಿಂದಿನ ಹತ್ತು, ಮುಂದಿನ ಹತ್ತು ಪದ್ಯಗಳನ್ನು ಕೊಟ್ಟು ಅರ್ಧ ಗಂಟೆ ಚರ್ಚೆಗೆ ಬಿಡಿ. ನಾಲ್ಕು ಸಾಲಿನ ಚಪ್ಪಾಳೆಗಿಂತ ಅದು ಹೊನ್ನಮ್ಮನಿಗೆ ಸಲ್ಲುವ ನಿಜವಾದ ಮರ್ಯಾದೆ.

ಕಥೆಯನ್ನು ಗಟ್ಟಿಯಾಗಿ ಓದಿಸುವ ಕಾರ್ಯಕ್ರಮ ನಮ್ಮಲ್ಲಿ ಇಲ್ಲವೇ ಇಲ್ಲ ಎನ್ನಬಹುದು. 2025ರಲ್ಲಿ ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳ ಸಂಕಲನಕ್ಕೆ, ದೀಪಾ ಭಾಸ್ತಿ ಅವರ ಅನುವಾದದಲ್ಲಿ, ಅಂತರರಾಷ್ಟ್ರೀಯ ಬೂಕರ್ ಬಂತು. ಎಷ್ಟೋ ಕಡೆ ಅಭಿನಂದನೆಯ ಫ್ಲೆಕ್ಸ್ ಕಟ್ಟಲಾಯಿತು. ಆ ಕಥೆಗಳನ್ನು ಕನ್ನಡದಲ್ಲೇ, ಬರೆದ ದನಿಯಲ್ಲೇ ಓದಿ ಕೇಳಿಸುವ ಕೆಲಸ ಇನ್ನೂ ಬಾಕಿ ಇದೆ. ಅಚ್ಚಿನ ಒಂದು ಪುಟ ಓದಲು ಎರಡೂವರೆ ನಿಮಿಷದ ಹತ್ತಿರ ಬೇಕು. ಹತ್ತು ಪುಟದ ಕಥೆಯನ್ನು ಇಬ್ಬರು ಓದುಗರು ಹಂಚಿಕೊಂಡರೆ 25 ನಿಮಿಷ. ಸಂಭಾಷಣೆ ಒಬ್ಬರಿಗೆ, ನಿರೂಪಣೆ ಒಬ್ಬರಿಗೆ ಎಂದು ಹಂಚಬೇಡಿ, ಅದು ಅರೆಬೆಂದ ನಾಟಕವಾಗುತ್ತದೆ. ಮೊದಲರ್ಧ ಒಬ್ಬರು, ಉಳಿದರ್ಧ ಇನ್ನೊಬ್ಬರು ಓದಲಿ. ಹಕ್ಕಿನ ವಿಷಯವೂ ತಿಳಿದಿರಲಿ. ನಮ್ಮ ಕಾನೂನಿನಲ್ಲಿ ಲೇಖಕಿ ತೀರಿಕೊಂಡ ವರ್ಷದ ನಂತರ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. 1939ರಲ್ಲಿ ತೀರಿಕೊಂಡ ಕೊಡಗಿನ ಗೌರಮ್ಮನವರ ಕಥೆಗಳು ಎಂದೋ ಮುಕ್ತವಾಗಿವೆ. 1963ರಲ್ಲಿ ತೀರಿಕೊಂಡ ತ್ರಿವೇಣಿಯವರವು 2024ರ ಆರಂಭಕ್ಕೆ ಮುಕ್ತವಾದವು. ಈಗಿನ ಲೇಖಕಿಯರದಾದರೆ ಒಂದು ಪತ್ರ ಬರೆದು ಒಪ್ಪಿಗೆ ಪಡೆಯಿರಿ, ಅದು ಸೌಜನ್ಯವೂ ಹೌದು. ಯೂಟ್ಯೂಬಿಗೆ ಹಾಕುವುದಾದರೆ ಒಪ್ಪಿಗೆ ಪತ್ರದಲ್ಲಿ ಆ ಮಾತು ಬೇರೆಯಾಗಿಯೇ ಇರಬೇಕು.

ಕನ್ನಡ ಸಾಹಿತ್ಯ ಸಮ್ಮೇಳನ ಶುರುವಾದದ್ದು 1915ರಲ್ಲಿ. ಅದರ ಅಧ್ಯಕ್ಷತೆ ಮೊದಲ ಬಾರಿಗೆ ಒಬ್ಬ ಹೆಣ್ಣುಮಗಳಿಗೆ, ಜಯದೇವಿತಾಯಿ ಲಿಗಾಡೆಯವರಿಗೆ, ಸಿಕ್ಕಿದ್ದು 1974ರಲ್ಲಿ, ಮಂಡ್ಯದಲ್ಲಿ. ನಡುವೆ 59 ವರ್ಷ. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಮಂದಿರ ಕಟ್ಟಿಸಿದವರು ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ. ಅಲ್ಲಿನ ಆರಾಧನೆಯಲ್ಲಿ ಹೆಂಗಸರಿಗೆ ಹಾಡುವ ಅವಕಾಶ ಇರಲಿಲ್ಲ, ಅದಕ್ಕಾಗಿ ಅವರು ವರ್ಷಗಟ್ಟಲೆ ಹೋರಾಡಬೇಕಾಯಿತು. ಅದೇ ನಾಗರತ್ನಮ್ಮ 1910ರಲ್ಲಿ ಮುದ್ದುಪಳನಿ ಎಂಬ ತೆಲುಗು ಕವಯಿತ್ರಿಯ ಕಾವ್ಯವನ್ನು ಪೂರ್ತಿಯಾಗಿ ಅಚ್ಚುಹಾಕಿಸಿದಾಗ ಸರ್ಕಾರ ಅದನ್ನು ನಿಷೇಧಿಸಿತು, ನಿಷೇಧ ತೆಗೆದದ್ದು 1947ರಲ್ಲಿ. ಉಪನ್ಯಾಸಕ್ಕೆ ವಿಷಯ ಹುಡುಕುವವರಿಗೆ ಇಂಥವು ಎಷ್ಟು ಬೇಕಾದರೂ ಇವೆ. "ಮಹಿಳೆ ಮತ್ತು ಸಮಾಜ", "ಇಂದಿನ ಮಹಿಳೆಯ ಸವಾಲುಗಳು" ಎಂಬ ವಿಷಯ ಕೊಟ್ಟರೆ ತಾಯಿ, ತಂಗಿ, ಮಡದಿ, ಭೂಮಿತಾಯಿ ಎಂದು ಮಾತು ಸುತ್ತುತ್ತದೆ. ಕೂತ ಹುಡುಗಿಯರು ಮೊಬೈಲು ತೆಗೆಯುತ್ತಾರೆ. ಅವರದೇನೂ ತಪ್ಪಿಲ್ಲ.

ಅವರ ನಿತ್ಯದ ಬದುಕಿಗೆ ಬೇಕಾದ ವಿಷಯಗಳನ್ನು ಗಟ್ಟಿಯಾಗಿ ಆಡಿಸಿ. ಪಿಎಚ್‌.ಡಿ. ಸಂಶೋಧನಾರ್ಥಿನಿಗೆ ಸಂಶೋಧನೆಯ ಅವಧಿಯಲ್ಲಿ ಒಟ್ಟು 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆ ಪಡೆಯಲು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮದಲ್ಲಿ ಅವಕಾಶವಿದೆ. ಪ್ರಬಂಧ ಸಲ್ಲಿಸಲು ಎರಡು ವರ್ಷ ಹೆಚ್ಚುವರಿ ಅವಧಿಯನ್ನೂ ಕೊಡಬಹುದು. ಇದು ತಿಳಿಯದೆ ನೋಂದಣಿ ಬಿಟ್ಟುಕೊಟ್ಟವರು ಪ್ರತಿ ವಿಭಾಗದಲ್ಲೂ ಇದ್ದಾರೆ. ಹಿಂದೂ ಒಟ್ಟು ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕು ಎಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತ್ತು, ಇಡೀ ದೇಶಕ್ಕೆ ಅದು ಬಂದದ್ದು 2005ರಲ್ಲಿ. ಮನೆಯಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಕೇಳಿದಾಗ ಏನು ಓದಿ ನೋಡಬೇಕು ಎಂದು ಒಬ್ಬ ವಕೀಲೆ 20 ನಿಮಿಷ ಹೇಳಿದರೆ ಸಭಾಂಗಣದಲ್ಲಿ ಸೂಜಿ ಬಿದ್ದರೂ ಕೇಳಿಸೀತು.

ಎಲ್ಲಕ್ಕಿಂತ ಮೊದಲು, ಲೈಂಗಿಕ ಕಿರುಕುಳದ ದೂರುಗಳನ್ನು ವಿಚಾರಿಸುವ ನಿಮ್ಮದೇ ಆಂತರಿಕ ದೂರು ಸಮಿತಿಯ ಬಗ್ಗೆ ನಿಮ್ಮ ಬಾಯಿಂದಲೇ ಮಾತು ಬರಬೇಕು. 2013ರ ಕಾಯ್ದೆ ಮತ್ತು ಯುಜಿಸಿಯ 2015ರ ನಿಯಮಗಳು ಸ್ಪಷ್ಟವಾಗಿವೆ. ಸಮಿತಿಗೆ ಹಿರಿಯ ಮಹಿಳಾ ಅಧ್ಯಾಪಕರು ಅಧ್ಯಕ್ಷರು, ಒಟ್ಟು ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮಹಿಳೆಯರು, ಹೊರಗಿನ ಒಬ್ಬ ಸದಸ್ಯರು. ವಿಷಯ ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದಾದರೆ ಪದವಿ, ಸ್ನಾತಕೋತ್ತರ, ಸಂಶೋಧನೆ ಈ ಮೂರೂ ಹಂತದಿಂದ ಚುನಾಯಿತರಾದ ಮೂವರು ವಿದ್ಯಾರ್ಥಿ ಪ್ರತಿನಿಧಿಗಳು. ಕುಲಪತಿ, ಕುಲಸಚಿವ, ಡೀನ್, ವಿಭಾಗ ಮುಖ್ಯಸ್ಥರಂಥ ಹಿರಿಯ ಆಡಳಿತಗಾರರು ಅದರಲ್ಲಿ ಇರುವಂತಿಲ್ಲ. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕು, 90 ದಿನದೊಳಗೆ ವಿಚಾರಣೆ ಮುಗಿಯಬೇಕು. ಇದು ಎಷ್ಟು ಹುಡುಗಿಯರಿಗೆ ಗೊತ್ತಿದೆ? ಅಧ್ಯಕ್ಷೀಯ ಭಾಷಣದ ಬದಲು, ಹಿಂದಿನ ವರ್ಷ ಎಷ್ಟು ದೂರು ಬಂದವು, ಎಷ್ಟು ಇತ್ಯರ್ಥವಾದವು, ಎಷ್ಟು 90 ದಿನ ದಾಟಿದವು ಎಂದು ಯಾರ ಹೆಸರೂ ಹೇಳದೆ ಅಂಕಿ ಮಾತ್ರ ಓದಿ. ಐದು ನಿಮಿಷ ಸಾಕು. ಸದಸ್ಯರನ್ನು ವೇದಿಕೆಗೆ ಕರೆದು ಮುಖ ತೋರಿಸಿ, ಅವರಿಗೆ ದೂರು ತಲುಪಿಸುವುದು ಹೇಗೆ ಎಂದು ಹೇಳಿಸಿ.

ಉಪನ್ಯಾಸ 20 ನಿಮಿಷವಾದರೆ ಪ್ರಶ್ನೆಗೂ 20 ನಿಮಿಷ ಇರಲಿ. ಎದ್ದು ನಿಂತು ಕೇಳಲು ಅಂಜುವವರಿಗಾಗಿ ಬಾಗಿಲಲ್ಲೇ ಚೀಟಿ, ಪೆನ್ಸಿಲು ಕೊಟ್ಟು, ಹೆಸರಿಲ್ಲದ ಚೀಟಿಗಳನ್ನು ಡಬ್ಬಿಯಲ್ಲಿ ಹಾಕಿಸಿ. ಮೊದಲ ಪ್ರಶ್ನೆ ವಿದ್ಯಾರ್ಥಿನಿಯದೇ ಆಗಲಿ. ಅಧ್ಯಾಪಕರೊಬ್ಬರು ಎದ್ದು "ಪ್ರಶ್ನೆಯಲ್ಲ, ಒಂದು ಅನಿಸಿಕೆ" ಎಂದು ಶುರುಮಾಡಿದರೆ ಆ 20 ನಿಮಿಷವೂ ಹೋದಂತೆಯೇ.

ಕೊನೆಯದಾಗಿ ಸಂಜೆಯ ಕಛೇರಿ. ಹೆಸರಾಂತ ಗಾಯಕಿಯನ್ನು ಕರೆಸಿ ಸಂಜೆ ಆರಕ್ಕೆ ಕಛೇರಿ ಇಡುತ್ತೀರಿ, ಹುಡುಗಿಯರ ವಿದ್ಯಾರ್ಥಿನಿಲಯದ ಗೇಟು ಏಳಕ್ಕೆ ಮುಚ್ಚುತ್ತದೆ. ಆಲಾಪ ಮುಗಿದು ಬಂದಿಶ್ ಆರಂಭವಾಗುವ ಹೊತ್ತಿಗೆ ಹುಡುಗಿಯರು ಸಾಲುಸಾಲಾಗಿ ಎದ್ದು ಹೋಗುತ್ತಾರೆ. ಹುಡುಗರು ಕೂತು ಕೇಳುತ್ತಾರೆ. ಮಹಿಳಾ ದಿನದ ಕಛೇರಿಯನ್ನು ಮಹಿಳೆಯರೇ ಪೂರ್ತಿ ಕೇಳಲಾಗದ ಈ ಸ್ಥಿತಿ ನಮ್ಮನ್ನು ಬಹಳ ನೋಯಿಸಿದೆ. ಕಛೇರಿಯನ್ನು ಮಧ್ಯಾಹ್ನ ಮೂರಕ್ಕೆ ಇಡಿ, ಮಧ್ಯಾಹ್ನದ ರಾಗಗಳಿಗೇನೂ ಬರವಿಲ್ಲ. ಇಲ್ಲವೇ ಅಂದು ಗೇಟಿನ ಸಮಯ ಹತ್ತರವರೆಗೆ ವಿಸ್ತರಿಸಿ, ಸಭಾಂಗಣದಿಂದ ನಿಲಯದವರೆಗೆ ವಿಶ್ವವಿದ್ಯಾಲಯದ ಬಸ್ ಓಡಿಸಿ, ದಾರಿಯ ದೀಪಗಳು ಉರಿಯುತ್ತಿವೆಯೇ ಎಂದು ಹಿಂದಿನ ದಿನವೇ ನೋಡಿಸಿ. ಸಭಾಂಗಣದ ಹೆಣ್ಣುಮಕ್ಕಳ ಶೌಚಾಲಯದಲ್ಲಿ ನೀರು, ಚಿಲಕ, ಮುಚ್ಚಳವಿರುವ ಕಸದ ಬುಟ್ಟಿ ಇದೆಯೇ ಎಂದೂ ಅದೇ ದಿನ ನೋಡಿಸಿ.

ಇದೆಲ್ಲ ಆಗಬೇಕಾದರೆ ಸಮಿತಿ ಫೆಬ್ರವರಿಯ ಕೊನೆಯ ವಾರ ಸೇರಿದರೆ ಆಗದು. ಜನವರಿಯ ಮೊದಲ ವಾರ ಮೊದಲ ಸಭೆ, ಆ ತಿಂಗಳೊಳಗೆ ಹಾಡುಗಾರ್ತಿಯರಿಗೆ, ಲೇಖಕಿಯರಿಗೆ ಪತ್ರ, ಫೆಬ್ರವರಿ ಪೂರ್ತಿ ತಾಲೀಮು, ಮಾರ್ಚ್ 7ರ ಮಧ್ಯಾಹ್ನ ಸಭಾಂಗಣದಲ್ಲೇ ಒಂದು ಪೂರ್ಣ ತಾಲೀಮು. ಸಮಿತಿಯಲ್ಲಿ ವಿದ್ಯಾರ್ಥಿನಿಯರು ಅರ್ಧದಷ್ಟಿರಲಿ, ಸ್ವಚ್ಛತೆಯ ಹೆಂಗಸರಿಂದ ಒಬ್ಬರು ಇರಲಿ. ಹಾಜರಾತಿಗಾಗಿ ಬಾಗಿಲಿಗೆ ಬೀಗ ಹಾಕಿಸುವುದನ್ನು ನಿಲ್ಲಿಸಿ.

ಮುಂದಿನ ಜನವರಿಯ ಸಭೆಗೆ ನಮ್ಮನ್ನು ಕರೆಯಿರಿ. ನಿಮಿಷವಾರು ಪಟ್ಟಿ, ಮೈಕುಗಳ ನಕ್ಷೆ, ವಚನಗಳ ಪಾಠ, ಕಥೆಗಳ ಪಟ್ಟಿ ಇವನ್ನೆಲ್ಲ ಸಿದ್ಧಮಾಡಿಕೊಂಡು ಬರುತ್ತೇವೆ. ಈ ಪತ್ರಕ್ಕೆ ಲಿಖಿತ ಉತ್ತರವನ್ನು ನಿರೀಕ್ಷಿಸುತ್ತೇವೆ.

ಇಂತಿ ನಿಮ್ಮ ವಿಶ್ವಾಸಿಗಳು,
ವಿಶ್ವವಿದ್ಯಾಲಯಗಳಲ್ಲಿ ಸಂಗೀತ, ಸಾಹಿತ್ಯ ಕಲಿಸುವ ಹಾಗೂ ವೇದಿಕೆ ಸಜ್ಜುಗೊಳಿಸುವ ಕೆಲವರು